ಎರಡನೇ ಸೆಟ್ ಫ್ಯೂಜು

ಮೊನ್ನೆ ಕೊಡೆ ರಿಪೇರಿಗೆಂದು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿದ್ದೆ. ಓಣಿಯ ತಿರುವಿನಲ್ಲಿ ಒಬ್ಬ ಕುರಿಯ ತಲೆಕಾಲು ಸುಡುತ್ತ ಕೂತಿದ್ದ. ಕೂದಲು ಚಟಚಟ ಎನ್ನುತ್ತಿತ್ತು, ಹೊಗೆ ಓಣಿಯ ತುಂಬ ಹಬ್ಬಿತ್ತು. ಜನ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು. ನನಗೆ ದಾಟಲಾಗಲಿಲ್ಲ. ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಅಂಗಡಿಯವನು ಒಂದು ತಂಬಿಗೆ ನೀರು ತಂದುಕೊಟ್ಟು, "ಬಿಸಿಲು ಭಾಳ ಐತ್ರಿ ಅಜ್ಜಾರ, ಸುಮ್ನ ಮನಿಯಾಗ ಇರಬಾರದ?" ಅಂದ. ಬಿಸಿಲಲ್ಲಪ್ಪ, ವಾಸನೆ ಎಂದು ಹೇಳಲು ಹೋಗಿ ಸುಮ್ಮನಾದೆ. ಮನುಷ್ಯನ ಮೈ ಸುಟ್ಟರೂ ಇದೇ ವಾಸನೆ ಬರುತ್ತದೆಂದು ಅವನಿಗೆ ಹೇಳಿ ಏನಾಗಬೇಕು. ಹೇಳಬೇಕಾದ ಹೊತ್ತಿನಲ್ಲಿ, ಹೇಳಬೇಕಾದವರ ಮುಂದೆ ನಾನು ಬಾಯಿ ಬಿಟ್ಟವನಲ್ಲ.

ಅದು ನಾನು ಕಂಪನಿ ವಕೀಲನಾದ ಮೊದಲ ವರ್ಷ. ಸ್ವಾತಂತ್ರ್ಯ ಬಂದು ಎರಡೋ ಮೂರೋ ವರ್ಷವಾಗಿತ್ತು. ಬಳ್ಳಾರಿ ಇನ್ನೂ ಮದರಾಸಿನ ಕೆಳಗೇ ಇತ್ತು. ಮದರಾಸಿನಲ್ಲಿ ಕಾನೂನು ಓದಿ ಬಂದು, ಬಳ್ಳಾರಿ ಕೋರ್ಟಿನ ಬೇವಿನ ಮರದ ಕೆಳಗೆ ಎರಡು ವರ್ಷ ನೊಣ ಹೊಡೆದಿದ್ದೆ. ಕರಿ ಕೋಟು ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತ್ತೇ ಹೊರತು ಒಬ್ಬ ಕಕ್ಷಿದಾರನೂ ಹತ್ತಿರ ಸುಳಿದಿರಲಿಲ್ಲ. ಆಗ ಸರ್ಕಾರದಿಂದ ಕರೆಂಟು ಕೊಂಡು ಊರೂರಿಗೆ ಹಂಚುವ ಕಂಪನಿಯೊಂದು, ತನ್ನದೇ ಒಬ್ಬ ವಕೀಲ ಬೇಕು, ತಿಂಗಳ ಸಂಬಳ, ದಿನಾ ಆಫೀಸಿಗೆ ಬರಬೇಕು ಎಂದು ಕರೆಯಿತು. ಹೋದೆ. ಜೊತೆಯ ವಕೀಲರು ನಕ್ಕರು. ವಕೀಲನೆಂದರೆ ಕೋರ್ಟಿನಲ್ಲಿ ನಿಂತು ಗುಡುಗುವವನು, ನೀನು ಆಫೀಸಿನ ಕುರ್ಚಿಯಲ್ಲಿ ಕೂತು ಕಾಗದ ಬರೆಯುವವನು, ನಿನಗೂ ಗುಮಾಸ್ತನಿಗೂ ಏನು ವ್ಯತ್ಯಾಸ ಎಂದರು. 'ಕರೆಂಟ್ ವಕೀಲ' ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇವರಿಗಿಂತ ದೊಡ್ಡವನಾಗಿ ತೋರಿಸುತ್ತೇನೆ ಎಂದು ಅವತ್ತೇ ಹಟ ಹಿಡಿದೆ.

ಮ್ಯಾನೇಜರು ವೈದ್ಯನಾಥನ್ ಎಂಬ ಮದರಾಸಿನವರು. ಲೆಕ್ಕಪತ್ರದ ಮನುಷ್ಯ, ಜನ್ಮದಲ್ಲಿ ಕಂಬ ಮುಟ್ಟಿದವರಲ್ಲ. ಮೊದಲ ದಿನವೇ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು: "ನೋಡಯ್ಯಾ, ಹೊರಗಿನ ವಕೀಲ ಜಗಳ ಆದ ಮೇಲೆ ಬರ್ತಾನೆ. ನೀನು ಜಗಳಕ್ಕಿಂತ ಮುಂಚೆ ಇರಬೇಕು. ಏನಾದರೂ ಆಗಲಿ, ಅದಕ್ಕೆ ಮೊದಲೇ ನಮ್ಮ ಕಡೆ ಒಂದು ಕಾಗದ ಇರಬೇಕು." ಆ ಮಾತನ್ನು ನಾನು ದೇವರ ಮಾತಿನಂತೆ ತಲೆಯಲ್ಲಿಟ್ಟುಕೊಂಡೆ.

ಕುರುಗೋಡಿನ ತನಕ ತಂತಿ ಬಂದಾಗಿತ್ತು. ಅಲ್ಲಿಂದ ಸಿರುಗುಪ್ಪಕ್ಕೆ ಎಳೆಯುವ ಕೆಲಸ ಸುಗ್ಗಿಯ ಕಾಲಕ್ಕೆ ಶುರುವಾಯಿತು. ಸಿರುಗುಪ್ಪದಲ್ಲಿ ಒಬ್ಬ ಸಾಹುಕಾರ ದೊಡ್ಡ ಅಕ್ಕಿ ಮಿಲ್ಲು ಕಟ್ಟಿ ಕರೆಂಟಿಗೆ ಕಾಯುತ್ತಿದ್ದ. ನಡುವೆ ಎಲ್ಲ ಎರೆಹೊಲ. ಕಂಬ ನೆಡುವ ಹಕ್ಕನ್ನು ಸರ್ಕಾರ ಕಂಪನಿಗೆ ಕೊಟ್ಟಿತ್ತು, ಆ ಕಾಗದ ನನ್ನ ಚೀಲದಲ್ಲಿತ್ತು. ಹೊಲದವರಿಗೆ ಕಾಗದ ಬೇಕಿರಲಿಲ್ಲ. ಇಂದು ನೆಟ್ಟ ಗೂಟ ನಾಳೆ ಬೆಳಿಗ್ಗೆ ಬಾವಿಯಲ್ಲಿರುತ್ತಿತ್ತು. ಅಳತೆಯ ಸರಪಳಿ ಹಿಡಿದವನ ತಲೆಗೆ ಒಬ್ಬ ಕಲ್ಲು ಬೀಸಿ, ಅವನ ಬಿಳಿ ಪಟಗ ಕೆಂಪಗಾಗಿ ಕಿವಿಯ ಮೇಲೆ ಇಳಿಯಿತು. ಒಂದು ಊರಿನಲ್ಲಿ ನಮ್ಮ ಬಂಡಿಯ ಎತ್ತುಗಳ ಮೂಗುದಾರ ಕೊಯ್ದರು. ಪೊಲೀಸರು ಬಂದು ಲಾಠಿ ಬೀಸಿದರು, ಮರುದಿನ ಊರವರು ನಮ್ಮ ಆಳುಗಳಿಗೆ ಬೀಸಿದರು. ಆ ಮೂರು ತಿಂಗಳು ಯಾರಾದರೊಬ್ಬರ ರಕ್ತ ಕಾಣದೆ ವಾರ ಕಳೆದದ್ದಿಲ್ಲ.

ಕುರುಗೋಡಿನ ಹೊರಗೆ ಒಬ್ಬ ಮುದುಕನ ಕಣದ ನಟ್ಟನಡುವೆ ಒಂದು ಕಂಬ ಬರುತ್ತಿತ್ತು. ಜೋಳ ತುಳಿಸುವ ಕಣ ಅದು, ಸಗಣಿ ಸಾರಿಸಿ ಕನ್ನಡಿಯ ಹಾಗೆ ಮಾಡಿದ್ದರು. ಹತ್ತು ಮೊಳ ಆಚೆ ಸರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಕ್ಷೆ ಮಂಜೂರಾಗಿತ್ತು, ಸರಿಸಬೇಕೆಂದರೆ ಮತ್ತೆ ಬರೆಯಬೇಕಿತ್ತು, ನಾನು ಬರೆಯಲಿಲ್ಲ. ಮುದುಕ ಬಾರುಕೋಲಿನಿಂದ ನನ್ನ ಹೆಗಲಿಗೆ ಬಾರಿಸಿದ. ಕೋಟು ಹರಿದು ಚರ್ಮ ಸುಲಿಯಿತು. ನಾನು ಅವನ ಎದೆಗೆ ಒದ್ದೆ. ಕಾನೂನು ಓದಿದವನು, ನನ್ನ ತಂದೆಯ ವಯಸ್ಸಿನವನ ಎದೆಗೆ ಚಪ್ಪಲಿ ಕಾಲಿನಿಂದ ಒದ್ದೆ. ಅವನು ತನ್ನ ಕಣದಲ್ಲೇ ಅಂಗಾತ ಬಿದ್ದು ಉಸಿರಿಗೆ ಒದ್ದಾಡುತ್ತಿದ್ದಾಗ, ಅವನೇ ಮೊದಲು ಹೊಡೆದನೆಂದು ದೂರು ಹೇಗೆ ಬರೆಯಬೇಕೆಂದು ಯೋಚಿಸುತ್ತಿದ್ದೆ.

ಮುದುಕನನ್ನು ಎತ್ತಿ ಕೂರಿಸಿದವನು ನಮ್ಮ ಲೈನ್‌ಮನ್ ಹುಸೇನಪ್ಪ. ಕುರುಗೋಡಿನವನೇ, ಗಟ್ಟಿ ಆಳು, ಬಾಯಿ ತುಂಬ ಎಲೆಯಡಿಕೆ. "ವಕೀಲ್ರ, ಹೊಡದಾಟ ನಮಗ ಬಿಡ್ರಿ. ನೀವು ಬರ್ಕೊಂಡು ಇರ್ರಿ," ಅಂದ. ಮುದುಕನಿಗೆ ನೀರು ಕುಡಿಸಿ, ಏನೇನೋ ಹೇಳಿ ಸಮಾಧಾನ ಮಾಡಿದ. ಅವತ್ತು ಸಂಜೆಯೊಳಗೆ ಕಂಬ ನಿಂತಿತು.

ಹುಸೇನಪ್ಪನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಕುರುಗೋಡಿನಲ್ಲಿ ಕಂಪನಿಯದೊಂದು ಸ್ವಿಚ್ ಮನೆ ಇತ್ತು, ಕಲ್ಲಿನ ಒಂದು ಕೋಣೆ. ಸಿರುಗುಪ್ಪದ ಕಡೆಯ ತಂತಿಗೆ ಕರೆಂಟು ಹೋಗುತ್ತಿದ್ದದ್ದು ಅಲ್ಲಿದ್ದ ಮೂರು ಫ್ಯೂಜುಗಳ ಮೂಲಕ. ಬಿಳಿ ಪಿಂಗಾಣಿಯ ಮೂರು ತುಂಡು, ಅಷ್ಟೇ. ತಂತಿಯ ಕೆಲಸಕ್ಕೆ ಹೊರಡುವ ಮುಂಚೆ ಹುಸೇನಪ್ಪ ಆ ಮೂರನ್ನೂ ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ನಡುವಿಗೆ ಕಟ್ಟಿಕೊಂಡು ಸೈಕಲ್ ಹತ್ತುತ್ತಿದ್ದ. ಕಂಬದ ಮೇಲೂ ಅವು ಅವನ ನಡುವಿನಲ್ಲೇ. ಟೆಲಿಫೋನು ಇಲ್ಲದ ಆ ಬಯಲಿನಲ್ಲಿ ಲೈನ್‌ಮನ್ನರೆಲ್ಲ ಹಾಗೇ ಮಾಡುತ್ತಿದ್ದರು. ಇದೇನಯ್ಯ ಮದುವೆ ಬುತ್ತಿಯ ಹಾಗೆ ಕಟ್ಟಿಕೊಂಡಿದ್ದೀಯ ಎಂದು ಒಮ್ಮೆ ತಮಾಷೆ ಮಾಡಿದ್ದೆ. "ಇವು ನನ್ನ ನಡುವಿನಾಗ ಇರೋ ತನಕ ಯಾವ ಮಗಾನೂ ಕರೆಂಟ್ ಬಿಡಾಕ ಬರಂಗಿಲ್ರಿ ವಕೀಲ್ರ," ಅಂದಿದ್ದ. ನಾನೂ ನಕ್ಕಿದ್ದೆ.

ಬೇಸಿಗೆ ಏರುವ ಹೊತ್ತಿಗೆ ತಂತಿ ಸಿರುಗುಪ್ಪ ಮುಟ್ಟಿತು. ಮಿಲ್ಲಿನ ಸಾಹುಕಾರನೊಂದಿಗೆ ಕರಾರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ಹುಲಿಯಂಥ ಮನುಷ್ಯ. ಕರೆಂಟು ಮೇಲಿಂದ ಮೇಲೆ ನಿಂತರೆ ನನ್ನ ನೆನೆಸಿದ ಭತ್ತ ಕೊಳೆಯುತ್ತದೆ, ನಿನ್ನ ಕಂಪನಿಯೂ ಬೇಡ ನೀನೂ ಬೇಡ, ಎಣ್ಣೆ ಎಂಜಿನ್ನೇ ಸಾಕು ಎಂದು ತೆಲುಗಿನಲ್ಲಿ ಕೂಗಾಡಿದ. ಮ್ಯಾನೇಜರು ಬೆವರಿದರು. ನಾನೇ ಒಂದು ಕಲಮು ಸೂಚಿಸಿದೆ: ಯಾವ ಕಾರಣಕ್ಕಾದರೂ ಸರಿ, ಕರೆಂಟು ಒಂದು ತಾಸಿಗಿಂತ ಹೆಚ್ಚು ನಿಂತರೆ ಕಂಪನಿ ನಷ್ಟ ಕಟ್ಟಿಕೊಡುವುದು. ಸಾಹುಕಾರ ಆ ಮಾತಿಗೆ ಬಿದ್ದ, ಅಲ್ಲೇ ಸಹಿ ಹಾಕಿದ. ಬಳ್ಳಾರಿಗೆ ವಾಪಸು ಬಂದ ವಾರದಲ್ಲಿ ನನಗೊಂದು ಬೇರೆ ಕೋಣೆ ಸಿಕ್ಕಿತು, ಬಾಗಿಲಿಗೆ ನನ್ನ ಹೆಸರಿನ ಬೋರ್ಡು ಬಂತು.

ಕಲಮು ಬರೆದವನು ಅದರಿಂದ ಕಂಪನಿಯನ್ನು ಕಾಯಲೂಬೇಕಲ್ಲ. ಹುಸೇನಪ್ಪ ಫ್ಯೂಜು ಕಟ್ಟಿಕೊಂಡು ಹೋಗಿ ಎಲ್ಲಾದರೂ ಚಹಾ ಕುಡಿಯುತ್ತ ಕೂತರೆ? ಅದಕ್ಕೊಂದು ಸುತ್ತೋಲೆ ಬರೆದೆ. ಕುರುಗೋಡಿನ ಸ್ವಿಚ್ ಮನೆಯಲ್ಲಿ ಇನ್ನೊಂದು ಸೆಟ್ ಫ್ಯೂಜು ಸದಾ ಇರತಕ್ಕದ್ದು. ಕರೆಂಟು ನಿಂತು ಒಂದು ತಾಸು ಮೀರುವ ಮುನ್ನ ಅದನ್ನು ಹಾಕಿ ಮಿಲ್ಲಿಗೆ ಕರೆಂಟು ಕೊಡತಕ್ಕದ್ದು. ತಪ್ಪಿದಲ್ಲಿ ಆಪರೇಟರನೇ ಜವಾಬ್ದಾರನು. ಇಂಜಿನಿಯರರು ರಜೆಯಲ್ಲಿದ್ದರು. ಮ್ಯಾನೇಜರು ಓದದೆಯೇ ಸಹಿ ಮಾಡಿದರು. ಕೆಳಗೆ ಮೂಲೆಯಲ್ಲಿ ನನ್ನ ಹೆಸರಿನ ಚಿಕ್ಕ ಸಹಿಯೂ ಇತ್ತು.

ಸುತ್ತೋಲೆಯನ್ನು ನಾನೇ ಒಯ್ದು ಆಪರೇಟರ್ ದೊಡ್ಡಬಸಪ್ಪನ ಕೈಗೆ ಕೊಟ್ಟೆ. ಆರನೇ ಇಯತ್ತೆ ಓದಿದವನು, ಸ್ವಿಚ್ ಮನೆಯ ನೆಲವನ್ನು ದಿನಾ ತೊಳೆದು ಬಾಗಿಲಿಗೆ ವಿಭೂತಿ ಹಚ್ಚುವ ಮನುಷ್ಯ. ಹುಸೇನಪ್ಪನೂ ಅವನೂ ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿಯುವವರು. ಅವನು ಕಾಗದವನ್ನು ಎರಡು ಸಲ ಓದಿದ.

"ಅಲ್ರೀ ಸ್ವಾಮಿ, ಹುಸೇನಪ್ಪ ಕಂಬದ ಮ್ಯಾಲಿದ್ರ?"

"ಒಂದು ತಾಸಿನೊಳಗೆ ಇಳಿಯಲಿ. ಅಷ್ಟೂ ಆಗದಿದ್ದರೆ ಅವನು ಎಂಥ ಲೈನ್‌ಮನ್?" ಅಂದೆ.

ಅವನು ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

ಮುಂಗಾರು ಇನ್ನೂ ಬಂದಿರಲಿಲ್ಲ, ಗಾಳಿ ಮಾತ್ರ ಬಂತು. ಕೆಂಪು ಧೂಳಿನ ಗಾಳಿ, ತಗಡು ಕಿತ್ತು ಎಸೆಯುವಂಥದು. ಅದರ ಮರುದಿನ ಮಧ್ಯಾಹ್ನ ನಾನು ಕುರುಗೋಡಿನ ಚಾವಡಿಯಲ್ಲಿದ್ದೆ, ಆ ಕಣದ ಮುದುಕನ ಮೇಲಿನ ನನ್ನ ದೂರಿಗೆ ಊರ ಲೆಕ್ಕ ಬರೆಯುವ ಕರಣಂ ಅವರ ಕೈಯಲ್ಲಿ ವರದಿ ಬರೆಸಲು. ಸಿರುಗುಪ್ಪಕ್ಕೆ ಕರೆಂಟು ನಿಂತಿತ್ತು. ಹುಸೇನಪ್ಪ ಫ್ಯೂಜು ಕಟ್ಟಿಕೊಂಡು ಹೋಗಿದ್ದ. ದೂರದ ಕಂಬವೊಂದರಲ್ಲಿ ಒಡೆದಿದ್ದ, ತಂತಿ ಕೂರುವ ಪಿಂಗಾಣಿ ಬಟ್ಟಲನ್ನು ಬದಲಿಸಿ ವಾಪಸು ಬರುತ್ತ, ಊರ ಹತ್ತಿರದ ಕಂಬದಲ್ಲಿ ಇನ್ನೊಂದು ಬಿರುಕು ಬಿಟ್ಟದ್ದು ಕಂಡು ಹತ್ತಿದ್ದ. ಅದನ್ನು ನಾಳೆಗೆ ಬಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಸ್ವಿಚ್ ಮನೆಯಲ್ಲಿರುತ್ತಿದ್ದ. ಅತ್ತ ಮಿಲ್ಲಿನ ಗುಮಾಸ್ತ ಕಾರು ಮಾಡಿಕೊಂಡು ಬಂದು, ದೊಡ್ಡಬಸಪ್ಪನ ಮುಖಕ್ಕೆ ಗಡಿಯಾರ ಹಿಡಿದು, ತಾಸು ಮೀರಿತು, ಗೋಡೆಯ ಮೇಲೆ ಏನು ಬರೆದಿದೆ ಓದು ಎಂದು ಗದರಿಸಿದ. ದೊಡ್ಡಬಸಪ್ಪ ಬಾಗಿಲಿಗೆ ಬಂದು ರಸ್ತೆ ನೋಡಿದ, ಮತ್ತೆ ಒಳಗೆ ಹೋಗಿ ಕಾಗದ ನೋಡಿದ. ಎರಡನೇ ಸೆಟ್ ಹಾಕಿದ. ಗುಮಾಸ್ತ ಕಾರು ಹತ್ತಿ ಹೊರಟುಹೋದ.

ಕೂಗು ಕೇಳಿ ನಾನು ಓಡಿದೆ. ಹುಸೇನಪ್ಪ ನಡುವಿನ ಹಗ್ಗಕ್ಕೆ ಜೋತುಬಿದ್ದಿದ್ದ, ತಲೆ ಹಿಂದಕ್ಕೆ ಬಾಗಿ ಬಾಯಿ ತೆರೆದಿತ್ತು. ಎರಡೂ ಅಂಗೈ ಕರಿಕಾಗಿದ್ದವು. ಅಂಗಿಗೆ ಹತ್ತಿದ ಬೆಂಕಿ ಇನ್ನೂ ಆರಿರಲಿಲ್ಲ, ಕೂದಲು ಉರಿದು ಹೊಗೆಯಾಡುತ್ತಿತ್ತು. ಕೆಳಗೆ ನಿಂತವರ ಮೇಲೆ ಕಿಡಿ ಬೀಳುತ್ತಿತ್ತು. ಯಾರೋ ಓಡಿಹೋಗಿ ಕರೆಂಟು ತೆಗೆಸಿದ ಮೇಲೆ ಹೆಣವನ್ನು ಹಗ್ಗ ಕಟ್ಟಿ ಇಳಿಸಿದರು. ನೆಲಕ್ಕೆ ತಾಗುತ್ತಲೇ ನಡುವಿನ ಗಂಟು ಬಿಚ್ಚಿ ಮೂರು ಬಿಳಿ ತುಂಡುಗಳು ಮಣ್ಣಿಗೆ ಬಿದ್ದವು. ಅವನ ಹೆಂಡತಿ ತಿಮ್ಮಕ್ಕ ಹೊಲದಿಂದ ಓಡಿ ಬಂದವಳು ಅಳಲಿಲ್ಲ. ಆ ಮೂರನ್ನೂ ಆರಿಸಿ ಉಡಿಯಲ್ಲಿ ಹಾಕಿಕೊಂಡಳು.

"ಫ್ಯೂಜು ಇಲ್ಲೇ ಅದಾವ," ಎಂದು ಒಬ್ಬ ಕೂಗಿದ. "ಮತ್ತ ಕರೆಂಟ್ ಬಿಟ್ಟಾಂವ ಯಾಂವಲೇ?"

ಜನ ಸ್ವಿಚ್ ಮನೆಗೆ ನುಗ್ಗಿದರು. ನಾನೂ ಅವರ ಹಿಂದೆ ಓಡಿದೆ. ದೊಡ್ಡಬಸಪ್ಪನನ್ನು ಜುಟ್ಟು ಹಿಡಿದು ಹೊರಗೆಳೆದು, ಬಾಗಿಲ ಮುಂದೆ ಕೆಡವಿ ತುಳಿಯತೊಡಗಿದರು. ಒಂದು ಕಣ್ಣು ಮುಚ್ಚಿಹೋಯಿತು, ಹಲ್ಲು ಮುರಿದು ಬಾಯಿಂದ ರಕ್ತ ಸುರಿಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಗೋಡೆಯ ಪಕ್ಕದಿಂದ ಸರಿದು ಒಳಗೆ ಹೋದೆ. ಮೊಳೆಯಿಂದ ಸುತ್ತೋಲೆಯನ್ನು ತೆಗೆದೆ. ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಹೋಯಿತು ಎಂದೇ ಎಷ್ಟೋ ವರ್ಷ ಅಂದುಕೊಂಡೆ. ಸುಳ್ಳು. ಯೋಚಿಸಿಯೇ ತೆಗೆದೆ.

ಹೊರಗಿನಿಂದ ದೊಡ್ಡಬಸಪ್ಪನ ದನಿ ಕೇಳಿತು: "ಕಾಗದ ಐತ್ರೋ ಯಪ್ಪಾ... ಒಳಗ ಗ್ವಾಡಿ ಮ್ಯಾಲ ಕಂಪನಿ ಕಾಗದ ಐತಿ... ನೋಡ್ರಿ ಹೋಗಿ..."

ಹೊಡೆತ ಒಂದು ಗಳಿಗೆ ನಿಂತಿತು. ಹಿರಿಯನೊಬ್ಬ, ದೊಡ್ಡ ಪಟಗದವನು, ಹೊಸ್ತಿಲು ದಾಟಿ ಒಳಗೆ ಬಂದ. ಬರಿಗೋಡೆ ನೋಡಿದ, ಮೊಳೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನೀವು ಓದಿದವರು. ಹೇಳ್ರಿ ವಕೀಲ್ರ, ಏನರೆ ಕಾಗದ ಐತೇನು?"

"ಇಲ್ಲ," ಅಂದೆ.

ಅವನು ಹೊರಗೆ ಹೋಗಿ ಕೈಯಾಡಿಸಿ ಇಲ್ಲವೆಂದ. ದೊಡ್ಡಬಸಪ್ಪನ ಬಲಗೈಯನ್ನು ಇಬ್ಬರು ಹೊಸ್ತಿಲಿನ ಕಲ್ಲಿನ ಮೇಲೆ ಹಿಡಿದರು. ಮೂರನೆಯವನು ಗುಂಡುಕಲ್ಲು ಎತ್ತಿದ. ಮೊದಲ ಏಟಿಗೆ ಬೆರಳು ಹೋದವು. ನಾನು ನಿಂತ ಜಾಗದಿಂದ ಅದು ಎರಡು ಮಾರು ದೂರ. ಎಷ್ಟು ಏಟು ಬಿದ್ದವೋ ಎಣಿಸಲಿಲ್ಲ. ಪೊಲೀಸರು ಬಂದು ಬೆತ್ತ ಬೀಸಿ ಜನರನ್ನು ಚದುರಿಸಿದಾಗ ಅವನಿಗೆ ಎಚ್ಚರವಿರಲಿಲ್ಲ. ಅವನ ರಕ್ತ ನನ್ನ ಚಪ್ಪಲಿಯ ತನಕ ಹರಿದು ಬಂದಿತ್ತು.

ಬಳ್ಳಾರಿಗೆ ಬಂದು ಮ್ಯಾನೇಜರಿಗೆ ಸುತ್ತೋಲೆ ಕೊಟ್ಟೆ. ಅವರು ಅದನ್ನು ಮೊದಲ ಸಲ ನೆಟ್ಟಗೆ ಓದಿದರು. ಆಮೇಲೆ ಸಣ್ಣ ಸಣ್ಣ ಚೂರು ಮಾಡಿ ಬುಟ್ಟಿಗೆ ಹಾಕಿ, ಆಫೀಸಿನ ಪ್ರತಿಯನ್ನೂ ತರಿಸಿ ಹಾಗೇ ಹರಿದರು. "ಇವತ್ತು ನೀನು ನಿಜವಾಗಿ ಕಂಪನಿಯ ವಕೀಲ ಆದೆ," ಎಂದು ಭುಜ ತಟ್ಟಿದರು. ಬಾರುಕೋಲಿನ ಹಳೆ ಗಾಯದ ಮೇಲೇ ತಟ್ಟಿದರು, ನೋವಾಯಿತು.

ಪೊಲೀಸರು ದೊಡ್ಡಬಸಪ್ಪನ ಮೇಲೆ ಕೇಸು ಹಾಕಿದರು: ಅಜಾಗರೂಕತೆಯಿಂದ ಸಾವು. ತಾನೇ ಗದರಿಸಿ ಹಾಕಿಸಿದ್ದು ಹೊರಬಿದ್ದೀತೆಂದು ಮಿಲ್ಲಿನ ಗುಮಾಸ್ತ ಆ ಕಾಗದದ ಸುದ್ದಿಯೇ ಎತ್ತಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದುಬಿಟ್ಟಿದ್ದರು. ಮಂಚದ ಪಕ್ಕ ಒಬ್ಬ ಪೊಲೀಸಿನವನು ಬೀಡಿ ಸೇದುತ್ತ ಕೂತಿರುತ್ತಿದ್ದ. ನಾನು ಮೊದಲ ಸಲ ಹೋದಾಗ ದೊಡ್ಡಬಸಪ್ಪ ಒಂದೇ ಕಣ್ಣಿನಿಂದ ನನ್ನನ್ನು ನೋಡಿ ಏಳಲು ಹೋದ. "ಸ್ವಾಮಿ, ನೀವು ಬಂದ್ರಿ, ಛಲೋ ಆತು. ಆ ಕಾಗದ ಗದ್ದಲದಾಗ ಯಾರೋ ಹರದಿರಬೇಕು. ಆದ್ರ ನೀವು ನೋಡೀರಲ್ಲ, ನೀವ ಕೊಟ್ಟಿದ್ರಿ. ನೀವು ಒಂದು ಮಾತು ಹೇಳಿದ್ರ ಸಾಕು," ಅಂದ. ಅವನಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ. ನೋಡೋಣ ಎಂದು ಹೇಳಿ ಎದ್ದೆ.

ಬಾಗಿಲಲ್ಲಿ ತಿಮ್ಮಕ್ಕ ನಿಂತಿದ್ದಳು. ನನ್ನನ್ನು ದಾಟಿ ಒಳಗೆ ಹೋದವಳೇ ದೊಡ್ಡಬಸಪ್ಪನ ಕೆನ್ನೆಗೆ ಹೊಡೆದಳು, ಬ್ಯಾಂಡೇಜು ಕಟ್ಟಿದ ಮೋಟುಗೈಯನ್ನು ಹಿಡಿದು ಮಂಚದ ಕಬ್ಬಿಣಕ್ಕೆ ಅಪ್ಪಳಿಸಿದಳು. "ನನ್ನ ಕೈಯಾಗಿನ ರೊಟ್ಟಿ ತಿಂದೀ ನೀನು, ತಿಂದು ಕೊಂದಿ," ಎಂದಳು. ಅವನು ಚೀರಿದ, ಆದರೆ ಆ ಕೈಯನ್ನು ಎಳೆದುಕೊಳ್ಳಲಿಲ್ಲ. ಪೊಲೀಸಿನವನು ಅವಳನ್ನು ಹೊರಗೆ ನೂಕಿದ. ವರಾಂಡದಲ್ಲಿ ಅವಳು ನನ್ನ ಎದುರು ನಿಂತು ಉಡಿ ಬಿಚ್ಚಿ ತೋರಿಸಿದಳು.

"ಮೂರೂ ಇಲ್ಲೇ ಅದಾವ್ರಿ. ಇನ್ನೊಂದು ಸೆಟ್ ಎಲ್ಲಿಂದ ಬಂತು? ಅದನ್ನ ಯಾರು ಇಡಿಸಿದ್ರು? ನೀವು ಕಂಪನಿಯವರು, ನಿಮಗ ಗೊತ್ತಿರತೈತಿ."

"ವಿಚಾರಣೆ ನಡೆದಿದೆಯಮ್ಮ," ಅಂದೆ.

ಅವಳು ಮೂರು ತುಂಡನ್ನೂ ಮತ್ತೆ ಉಡಿಗೆ ಕಟ್ಟಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕಿಂತ ಅವಳು ನನಗೂ ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದೆ ನಾನು ದೊಡ್ಡವನಾದೆ. ಕಂಪನಿ ಸರ್ಕಾರದ ಕೈಗೆ ಹೋದಾಗ ನನ್ನನ್ನೂ ಕರೆದುಕೊಂಡರು. ನಾನು ಬರೆದ ಕರಾರು ನೋಡಿ ಹೊಸಬರು ಕಲಿತರು. ಫ್ಯೂಜು ಕಿತ್ತವನ ನಡುವಿನಲ್ಲೇ ಇರಬೇಕು, ಬೇರೆ ಸೆಟ್ ಬೀಗದಲ್ಲಿರಬೇಕು, ಅವನು ವಾಪಸು ಬಂದು ಸಹಿ ಹಾಕುವ ತನಕ ಬೀಗ ತೆಗೆಯಕೂಡದು ಎಂಬ ನಿಯಮ ಬರೆದವನೂ ನಾನೇ, ಅದಕ್ಕಾಗಿ ಒಂದು ಸಭೆಯಲ್ಲಿ ಹಾರ ಹಾಕಿದರು. ಹಾಕಿಸಿಕೊಂಡೆ. ನನ್ನನ್ನು ನೋಡಿ ನಕ್ಕಿದ್ದ ವಕೀಲರು ತಮ್ಮ ಮಕ್ಕಳನ್ನು ಕೆಲಸ ಕಲಿಯಲು ನನ್ನ ಹತ್ತಿರ ಕಳಿಸಿದರು. ಇದೆಲ್ಲ ಸಾಧ್ಯವಾದದ್ದು ಆಸ್ಪತ್ರೆಗೆ ನಾನು ಎರಡನೇ ಸಲ ಹೋದದ್ದರಿಂದ.

ಆ ಸಲ ದೊಡ್ಡಬಸಪ್ಪನ ಹೆಸರಿನಲ್ಲಿ ಒಂದು ಹೇಳಿಕೆ ಬರೆದುಕೊಂಡು ಹೋಗಿದ್ದೆ. ಫ್ಯೂಜು ಹಾಕಿದ್ದು ನನ್ನ ಸ್ವಂತ ಬುದ್ಧಿಯಿಂದ, ಕಂಪನಿಯಿಂದ ಯಾವ ಆದೇಶವೂ ಇರಲಿಲ್ಲ, ಕೋರ್ಟಿನಲ್ಲಿಯೂ ತಪ್ಪು ಒಪ್ಪಿಕೊಳ್ಳುತ್ತೇನೆ. ಬದಲಿಗೆ ಅವನ ತಮ್ಮನಿಗೆ ಕಂಪನಿಯಲ್ಲಿ ಕೆಲಸ. ದೊಡ್ಡಬಸಪ್ಪ ಕಾಗದವನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಓದಿದ. ಸುತ್ತೋಲೆಯಲ್ಲಿದ್ದ ಹಾಗೇ ಇದರ ಕೆಳಗಿನ ಮೂಲೆಯಲ್ಲೂ ಇದ್ದ ನನ್ನ ಚಿಕ್ಕ ಸಹಿಯ ಮೇಲೆ ಅವನ ಕಣ್ಣು ನಿಂತಿತು. ಆಗ ಅವನಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಒಂದು ಬೈಗುಳ ಬಂದಿದ್ದರೂ ಆ ಕಾಗದವನ್ನು ಹರಿದು ಹಾಕುತ್ತಿದ್ದೆನೇನೋ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

"ಹಿಂದಿನ ಕಾಗದಾನೂ ನೀವ ತಂದಿದ್ರಿ, ಸ್ವಾಮಿ," ಅಂದ. "ಅದರಾಗ ಬರದಂಗ ನಡದೆ. ಇದರಾಗ ಬರದಂಗೂ ನಡೀತೀನಿ. ನನ್ನ ತಮ್ಮಗ ಮಾತ್ರ ಹಿಂಗ ಕಾಗದ ಕೊಡಬ್ಯಾಡ್ರಿ."

ಸಹಿ ಮಾಡುವ ಕೈ ಹೋಗಿತ್ತು. ಎಡಗೈಯ ಹೆಬ್ಬೆರಳನ್ನು ನಾನೇ ಹಿಡಿದು, ಮಸಿ ಹಚ್ಚಿ, ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದೆ. ಗುರುತು ಚೆನ್ನಾಗಿ ಮೂಡಿತು. ಕಾಗದವನ್ನು ಆರಲು ಬಿಟ್ಟು ಚೀಲ ಕಟ್ಟುತ್ತಿದ್ದೆ. ಅವನು ಆ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದ.

"ಮಸಿ ಒರಸಿ ಹೋಗ್ರಿ ಸ್ವಾಮಿ," ಅಂದ. "ನನಗ ಇನ್ನೊಂದು ಕೈ ಇಲ್ಲ."

ಒರೆಸಿದೆ.